ಸುಳ್ಳು ಒಪ್ಪಿಗೆಗಿಂತ ಸಾವೇ ಲೇಸು

ಬನದ ಹುಣ್ಣಿಮೆ ಬಂದಿತೆಂದರೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಬಂದು ಬೀಡುಬಿಡುವುದು ನಮಗೆಲ್ಲ ತಿಳಿದದ್ದೇ. ಕಂಪನಿ ನಾಟಕಗಳಲ್ಲಿ ಹರಿಶ್ಚಂದ್ರನನ್ನು ಕಂಡು ಕಣ್ಣೀರಿಟ್ಟವರು ನಮ್ಮ ಹಿರಿಯರು. ಕೊಟ್ಟ ಮಾತನ್ನು ಒಮ್ಮೆ ಅಲ್ಲವೆಂದಿದ್ದರೆ ಅವನ ಕಷ್ಟವೆಲ್ಲ ತಪ್ಪುತ್ತಿತ್ತು, ಅವನು ಅನ್ನಲಿಲ್ಲ. ಇಂಥದೇ ಇಕ್ಕಟ್ಟನ್ನು ತೋರಿಸುವ ಅಮೇರಿಕೆಯ ನಾಟಕವೊಂದನ್ನು ಆ ಕಥೆಯ ಪಕ್ಕದಲ್ಲಿಟ್ಟು ನೋಡೋಣ.

ಆರ್ಥರ್ ಮಿಲ್ಲರನ 'ದಿ ಕ್ರೂಸಿಬಲ್' 1953ರಲ್ಲಿ ನ್ಯೂಯಾರ್ಕಿನಲ್ಲಿ ರಂಗವೇರಿತು. ಕ್ರೂಸಿಬಲ್ ಎಂದರೆ ಲೋಹ ಕರಗಿಸುವ ಮೂಸೆ. ಕಥೆಯು 1692ರ ಸೇಲಂ ಊರಿನದು. ಮಾಟ ಮಾಡಿದರೆಂಬ ಆರೋಪದ ಮೇಲೆ ಅಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ವಿಪರೀತವನ್ನು ನೋಡಿರಿ: ತಪ್ಪೊಪ್ಪಿಕೊಂಡವರ ಪ್ರಾಣ ಉಳಿಯಿತು, ಮಾಡಿಲ್ಲವೆಂದವರಿಗೆ ನೇಣಾಯಿತು.

ನಾಯಕನಾದ ಜಾನ್ ಪ್ರಾಕ್ಟರ್ ಒಬ್ಬ ಒಕ್ಕಲಿಗ. ಹರಿಶ್ಚಂದ್ರನಂತೆ ಕಳಂಕವಿಲ್ಲದವನಲ್ಲ. ಮನೆಗೆಲಸದ ಹುಡುಗಿ ಅಬಿಗೇಲಳೊಡನೆ ಅವನು ತಪ್ಪಿ ನಡೆದಿದ್ದನು. ಅವಳ ಕಪಟವನ್ನು ಬಯಲಿಗೆಳೆಯಲು ಆ ತಪ್ಪನ್ನು ನ್ಯಾಯಾಲಯದಲ್ಲಿ ತಾನೇ ಹೇಳುತ್ತಾನೆ. ಎಂದೂ ಸುಳ್ಳಾಡದ ಅವನ ಹೆಂಡತಿ ಎಲಿಜಬೆತ್‌ಳನ್ನು ಸಾಕ್ಷಿಗೆ ಕರೆಯುತ್ತಾರೆ. ಗಂಡನ ಮಾನ ಉಳಿಸಲೆಂದು ಅವಳು ಅದೊಂದು ಸಲ ಸುಳ್ಳಾಡುತ್ತಾಳೆ. ಆ ಸುಳ್ಳೇ ಅವನಿಗೆ ಮುಳುವಾಗುತ್ತದೆ. ನಿಜವಾದ ತಪ್ಪನ್ನು ಒಪ್ಪಿದಾಗ ನಂಬದ ನ್ಯಾಯಾಲಯವು, ಮಾಡದ ತಪ್ಪನ್ನು ಒಪ್ಪಿದರೆ ಬಿಡುತ್ತೇನೆನ್ನುತ್ತದೆ!

ಕಡೆಯ ಅಂಕದಲ್ಲಿ ಪ್ರಾಕ್ಟರನಿಗೆ ಬದುಕುವ ಆಸೆ. ತಾನು ಮೊದಲೇ ಕೆಟ್ಟವನು, ಹುತಾತ್ಮನಂತೆ ಸಾಯುವುದೂ ಒಂದು ನಟನೆಯೇ ಎಂದುಕೊಂಡು ಬಾಯಿಂದ ಒಪ್ಪುತ್ತಾನೆ. ಬೇರೆಯವರ ಹೆಸರು ಹೇಳೆಂದರೆ ಹೇಳುವುದಿಲ್ಲ. ಕಾಗದಕ್ಕೆ ರುಜು ಹಾಕುತ್ತಾನೆ. ಆದರೆ ಅದನ್ನು ಚರ್ಚಿನ ಬಾಗಿಲಿಗೆ ಹಚ್ಚಲು ಕೊಡಲೊಪ್ಪದೆ ಹರಿದೆಸೆಯುತ್ತಾನೆ. ಸುಳ್ಳಾಡಲೊಪ್ಪದ ಮುದುಕಿ ರೆಬೆಕ್ಕಾ ನರ್ಸಳೊಡನೆ ಗಲ್ಲಿಗೆ ನಡೆಯುತ್ತಾನೆ.

ಆ ಕಾಗದದಲ್ಲಿ ಅಂಥದೇನಿತ್ತು? ಅವನ ಹೆಸರಿತ್ತು. ಮಕ್ಕಳಿಗೆ ಬಿಟ್ಟುಹೋಗಲು ಅವನಲ್ಲಿ ಉಳಿದದ್ದು ಅದೊಂದೇ. ಅದನ್ನು ಕೊಟ್ಟಿದ್ದರೆ ನೇಣಿಗೆ ಹೋಗುವ ನೆರೆಯವರನ್ನೂ ಸುಳ್ಳರೆಂದಂತಾಗುತ್ತಿತ್ತು.

ಹರಿಶ್ಚಂದ್ರನ ಕಥೆಯಲ್ಲಿ ಚಂದ್ರಮತಿಯ ಮೇಲೆ ಕತ್ತಿ ಎತ್ತಿದಾಗ ಶಿವನು ಪ್ರತ್ಯಕ್ಷನಾಗುತ್ತಾನೆ. ಹೋದದ್ದೆಲ್ಲ ಮರಳಿ ಬರುತ್ತದೆ. ಸೇಲಮ್ಮಿನಲ್ಲಿ ಯಾವ ದೇವರೂ ಬರಲಿಲ್ಲ. ಫಲದ ಆಸೆಯಿಲ್ಲದೆ, ಅದೂ ಒಮ್ಮೆ ಎಡವಿದ ಮನುಷ್ಯನು ಸತ್ಯಕ್ಕೆ ನಿಂತದ್ದು ಈ ನಾಟಕದ ಹಿರಿಮೆ ಎಂದು ನನಗೆ ತೋರುತ್ತದೆ.

ನಾಟಕಕಾರನಿಗೂ ಆ ಪರೀಕ್ಷೆ ಬಂದಿತು. 1956ರಲ್ಲಿ ಅಮೇರಿಕೆಯ ಸಂಸತ್ತಿನ ಸಮಿತಿಯೊಂದು ಮಿಲ್ಲರನನ್ನು ಕರೆಸಿ, ಕಮ್ಯುನಿಸ್ಟರ ಸಭೆಗಳಲ್ಲಿ ಕಂಡವರ ಹೆಸರು ಹೇಳೆಂದಿತು. ಅವನು ಹೇಳಲಿಲ್ಲ. 1957ರಲ್ಲಿ ಅಪರಾಧಿಯೆಂದು ತೀರ್ಪಾಯಿತು. 1958ರಲ್ಲಿ ಮೇಲಿನ ನ್ಯಾಯಾಲಯವು ಅದನ್ನು ರದ್ದುಮಾಡಿತು.

ನಮ್ಮನ್ನು ಯಾರೂ ಗಲ್ಲಿನ ಕೆಳಗೆ ನಿಲ್ಲಿಸಲಿಕ್ಕಿಲ್ಲ. ಆದರೂ ಓದದೆ ರುಜು ಹಾಕೆಂದು ಕಾಗದ ಮುಂದಿಡುವವರು ಬಾಳಿನಲ್ಲಿ ಸಿಕ್ಕೇ ಸಿಗುತ್ತಾರೆ. ಆಗ ಲೇಖನಿ ತುಸು ತಡೆದರೆ, ಈ ನಾಟಕವನ್ನು ಓದಿದ್ದು ಸಾರ್ಥಕ.