ಹಳೆಯ ಜಾಲಂಧ್ರ, ಹೊಸ ಬಾಗಿಲು

ಪ್ರಶ್ನೆ: ಕಾರು ನಿಲ್ಲಿಸುವ ಶೆಡ್ಡುಗಳಿಗೆ ಲೇಸರ್ ಕಟಿಂಗ್ ಮಾಡಿದ ಅಲಂಕಾರದ ಬಾಗಿಲು ಮಾಡಿಕೊಡುತ್ತೇವೆ. ಬೇಲೂರು ದೇವಾಲಯದ ಜಾಲಂಧ್ರದಂಥ (ಕಲ್ಲಿನ ಜಾಲರಿ ಕಿಟಕಿಯಂಥ) ಚಿತ್ತಾರವನ್ನು ಮಾಮೂಲಿ ಉಕ್ಕಿನ ಬಾಗಿಲಿಗೆ ತಂದಿದ್ದೇವೆ. ‘ಇದು ಯಾರಿಗಾದರೂ ಹೊಳೆಯುವಂಥದ್ದೇ’ ಎನ್ನುತ್ತಾರೆ ಗೆಳೆಯರು. ಪೇಟೆಂಟ್ ಸಿಕ್ಕೀತೇ?
— ಓದುಗರು, ವಡಾಲ, ಮುಂಬೈ

ಉತ್ತರ: ಬಾಗಿಲು ಮಡಚಿಕೊಳ್ಳಲು ಹೊಸ ಉಪಾಯ ಕಂಡುಹಿಡಿದಿದ್ದರೆ ಅದು ಪೇಟೆಂಟಿನ ಮಾತು. ಕಣ್ಣಿಗೆ ಕಾಣುವ ಅಂದಕ್ಕೆ ಇರುವುದು 2000ದ ವಿನ್ಯಾಸ ಕಾಯ್ದೆ. ಅರ್ಜಿಯನ್ನು ನಿಮ್ಮ ನೆರೆಯ ಆಂಟಾಪ್ ಹಿಲ್‌ನ ಪೇಟೆಂಟ್ ಕಚೇರಿಯಾದ ಬೌದ್ಧಿಕ ಸಂಪದಾ ಭವನದಲ್ಲೇ ಕೊಡಬಹುದು, ಪರಿಶೀಲನೆ ಕೋಲ್ಕತ್ತದಲ್ಲಿ.

ಗೆಳೆಯರ ಆಕ್ಷೇಪವನ್ನು ತಳ್ಳಿಹಾಕಬೇಡಿ. ಗೊತ್ತಿರುವ ವಿನ್ಯಾಸಗಳಿಂದಾಗಲೀ ಅವುಗಳ ಜೋಡಣೆಯಿಂದಾಗಲೀ ಎದ್ದು ಕಾಣುವಷ್ಟು ಬೇರೆಯಾಗಿರದಿದ್ದರೆ ನೋಂದಣಿ ಇಲ್ಲ ಎನ್ನುತ್ತದೆ ಕಾಯ್ದೆಯ 4ನೇ ಸೆಕ್ಷನ್. ಅದೇ ಕಾಯ್ದೆ, ಹಳೆಯ ವಿನ್ಯಾಸವೇ ಆದರೂ ಹೊಸ ರೀತಿಯಲ್ಲಿ ಬಳಕೆಗೆ ಬಂದರೆ ಅದನ್ನು ಸ್ವಂತಿಕೆಯೆಂದೂ ಒಪ್ಪುತ್ತದೆ. ನಿಮ್ಮ ಬಾಗಿಲು ಈ ಎರಡರ ನಡುವೆ ನಿಂತಿದೆ.

ಇದಕ್ಕೆ ತೀರ ಹತ್ತಿರದ್ದು ಗೋಪಾಲ್ ಗ್ಲಾಸ್ ವರ್ಕ್ಸ್‌ನ ಅಲಂಕಾರಿಕ ಗಾಜಿನ ಹಾಳೆಗಳ ಪ್ರಕರಣ. ಚಿತ್ತಾರ ಒತ್ತುವ ರೋಲರ್ ಜರ್ಮನಿಯದು, ಆದ್ದರಿಂದ ವಿನ್ಯಾಸ ಹಳೆಯದು, ಗೋಪಾಲ್ ಗ್ಲಾಸ್ ಪಡೆದ ನೋಂದಣಿ ರದ್ದಾಗಬೇಕು ಎಂದು ಭಾರತ್ ಗ್ಲಾಸ್ ಟ್ಯೂಬ್ ಕಂಪನಿ ವಾದಿಸಿತು. ವಿನ್ಯಾಸಗಳ ನಿಯಂತ್ರಕರು ನೋಂದಣಿಯನ್ನು ರದ್ದುಮಾಡಿದರು, ಕಲ್ಕತ್ತಾ ಹೈಕೋರ್ಟ್ ಉಳಿಸಿತು. 2008ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟನ್ನೇ ಎತ್ತಿಹಿಡಿಯಿತು: ರೋಲರಿನ ಮೇಲೆ ಚಿತ್ತಾರವಿದ್ದರೆ ಸಾಲದು, ಅದು ಗಾಜಿನ ಮೇಲೆ ಮೊದಲೇ ಬಂದಿತ್ತೆಂದು ತೋರಿಸಬೇಕಿತ್ತು. ಯಾವ ವಸ್ತುವಿನ ಮೇಲೆ ಎಂಬುದು ಅಷ್ಟು ಮುಖ್ಯ. ಕಲ್ಲಿನ ಜಾಲಂಧ್ರವನ್ನು ಉಕ್ಕಿನ ಬಾಗಿಲಿಗೆ ತಂದ ನಿಮಗೆ ಇದು ಬಲ ಕೊಡುವ ತೀರ್ಪು.

ಆದರೂ ಜಾಲಂಧ್ರವನ್ನು ಇದ್ದಹಾಗೇ ಚೌಕದ ತಗಡಿಗೆ ಕೊರೆದಿದ್ದರೆ ನಿಮ್ಮ ಪಕ್ಷ ದುರ್ಬಲವೆಂದೇ ನನ್ನ ಅಭಿಪ್ರಾಯ. ಹಲಗೆಗಳ ಅಳತೆ, ಚಿತ್ತಾರ ಹರಿಯುವ ದಿಕ್ಕು, ಖಾಲಿ ಬಿಟ್ಟ ಜಾಗ ಎಲ್ಲ ಸೇರಿ ಇಡೀ ಬಾಗಿಲೇ ಬೇರೆಯಾಗಿ ಕಾಣಬೇಕು. ನಿಮ್ಮ ಗೆಳೆಯರ ಮಾತು ಸರಿಹೊಂದುವುದು ಅಮೆರಿಕಕ್ಕೆ: ಅಲ್ಲಿ ವಿನ್ಯಾಸಕ್ಕೂ ಪೇಟೆಂಟ್ ಉಂಟು. ಅಲ್ಲಿ ‘ಸಹಜವಾಗಿ ಹೊಳೆಯುವಂಥದ್ದೇ’ ಎಂಬುದೇ ನೇರ ಪ್ರಶ್ನೆ. ಬಹುಮಟ್ಟಿಗೆ ಅದೇ ರೂಪದ ಹಳೆಯ ವಿನ್ಯಾಸವೊಂದನ್ನು ಮೊದಲು ತೋರಿಸಬೇಕೆಂಬ 1982ರಿಂದ ಬಂದ ಬಿಗಿ ನಿಯಮವನ್ನು ಅಲ್ಲಿನ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ಕೈಬಿಟ್ಟಿತು. ಅಲ್ಲೀಗ ಆಕ್ಷೇಪಿಸುವುದು ಮೊದಲಿಗಿಂತ ಸುಲಭ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅರ್ಜಿಗೆ ಮುನ್ನ ಬಾಗಿಲಿನ ಫೋಟೊವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರೆ, ಗಿರಾಕಿಗಳಿಗೆ ಹಂಚಿದರೆ, ನಿಮ್ಮ ಹೊಸತನವನ್ನು ನೀವೇ ಕಳೆದುಕೊಂಡಂತೆ. ಇನ್ನೂ ಹೊರಬಿಟ್ಟಿಲ್ಲವಾದರೆ ಈಗಲೇ ಅರ್ಜಿ ಹಾಕಿ. ನೋಂದಣಿ 10 ವರ್ಷಕ್ಕೆ, ಮತ್ತೆ 5 ವರ್ಷ ವಿಸ್ತರಿಸಬಹುದು. ನೋಂದಣಿಯಾದ ಮೇಲೂ ಹಿತಾಸಕ್ತಿಯುಳ್ಳವರು ರದ್ದತಿ ಕೋರಬಹುದಾದ್ದರಿಂದ ಕರಡು ರೇಖಾಚಿತ್ರಗಳನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ.