ಯಾವುದಕ್ಕೆ ದುಡ್ಡು, ಯಾವುದಕ್ಕೆ ಬೇಡ

ಪುಟ್ಟಿ,

ಆರ್ ಅಂಡ್ ಡಿ ಬಜೆಟ್ ಹಂಚುವ ಕಮಿಟಿಗೆ ನಿನ್ನನ್ನು ಹಾಕಿದ್ದಾರೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಪ್ರಪೋಸಲ್‌ಗಳು ರಾಶಿ ಬಿದ್ದಿರುತ್ತವೆ, ಒಂದೊಂದರ ಹಿಂದೆಯೂ ಐದು ವರ್ಷದ ಲಾಭದ ಎಕ್ಸೆಲ್ ಹಾಳೆ ಇರುತ್ತದೆ. ಈಗಾಗಲೇ ಮಾರುತ್ತಿರುವ ಸರಕನ್ನು ತಿದ್ದುವ ಕೆಲಸವಾದರೆ ಆ ಹಾಳೆ ನೋಡು, ತಪ್ಪಿಲ್ಲ. ಹೊಸದಾದರೆ ಅದು ಕೂಸು ಹುಟ್ಟುವ ಮುಂಚೆ ಹೊಲಿದ ಕುಲಾವಿ.

ಹೊಸದನ್ನು ತಂದವರಿಗೆ ಬೇರೆ ಪ್ರಶ್ನೆ ಹಾಕು. ಇದು ಆಗುತ್ತದೋ ಇಲ್ಲವೋ ಅನ್ನುವುದು ಯಾವ ಅಂಕಿಯಿಂದ ಗೊತ್ತಾಗುತ್ತದೆ? ಅದನ್ನು ತಿಳಿಯಲು ಕಡಿಮೆ ಅಂದರೆ ಎಷ್ಟು ಖರ್ಚು? ಮೊದಲ ಕಂತಿಗೆ ಅಷ್ಟೇ ಕೊಡು.

ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯನ್ನು ನೋಡು. ಬೆಳಕಿನಲ್ಲಿ ಟೆಲಿಫೋನ್ ಮಾತು ಕಳಿಸಬೇಕಾದರೆ ಗಾಜಿನ ಎಳೆಯಲ್ಲಿ ನಷ್ಟ ಕಿಲೋಮೀಟರಿಗೆ 20 ಡೆಸಿಬೆಲ್ ಮೀರಬಾರದು ಎಂದು ಇಂಗ್ಲೆಂಡಿನಲ್ಲಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ 1966ರಲ್ಲಿ ಬರೆದಿದ್ದರು. ಅಂದರೆ ಒಂದು ಕಿಲೋಮೀಟರ್ ದಾಟಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೆ ಸಾಕು. ಕೇಳಲು ಸುಲಭ, ಆದರೆ ಆಗ ಸಿಗುತ್ತಿದ್ದ ಎಳೆಗಳಲ್ಲಿ ನಷ್ಟ ಕಿಲೋಮೀಟರಿಗೆ ಸಾವಿರ ಡೆಸಿಬೆಲ್ ಆಸುಪಾಸು. ಬೇರೆಯವರಲ್ಲಿ ಹೆಚ್ಚಿನವರು ಮಾಮೂಲಿ ಗಾಜನ್ನೇ ಶುದ್ಧ ಮಾಡಲು ಹೊರಟರು. ಕಾರ್ನಿಂಗ್‌ನ ರಾಬರ್ಟ್ ಮೌರರ್ ಹಿಡಿದದ್ದು ಶುದ್ಧ ಸಿಲಿಕಾ. ಅದನ್ನು ಕರಗಿಸಿ ಎಳೆ ತೆಗೆಯಲು ವಿಪರೀತ ಶಾಖ ಬೇಕು, ಅದಕ್ಕೇ ಉಳಿದವರಲ್ಲಿ ಹೆಚ್ಚಿನವರು ಹತ್ತಿರ ಸುಳಿಯುತ್ತಿರಲಿಲ್ಲ. ಕಾರ್ನಿಂಗ್‌ನಲ್ಲಾದರೋ ಆವಿಯಿಂದ ಸಿಲಿಕಾ ತಯಾರಿಸುವ ವಿದ್ಯೆ 1930ರ ದಶಕದಿಂದಲೇ ಇತ್ತು. ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಜ್ ಸೇರಿ 1970ರಲ್ಲಿ 17 ಡೆಸಿಬೆಲ್ ಮುಟ್ಟಿಸಿದರು.

ಇದರಲ್ಲಿ ನಿನಗೆ ಬೇಕಾದವು ಎರಡಿವೆ. ಗುರಿಯ ಅಂಕಿ ಕೆಲಸ ಶುರುವಾಗುವ ಮುಂಚೆಯೇ ಇತ್ತು. 40ಕ್ಕೆ ಬಂದು ನಿಂತಿದ್ದರೆ 'ಪರವಾಗಿಲ್ಲ, ಸಾಕಷ್ಟು ಸುಧಾರಿಸಿದೆ' ಅನ್ನಲು ದಾರಿಯಿರಲಿಲ್ಲ. ಇನ್ನೊಂದು, ಬೇರೆಯವರ ಹತ್ತಿರ ಇಲ್ಲದ್ದು ತಮ್ಮ ಹತ್ತಿರ ಏನಿದೆ ಅನ್ನುವುದು ಅವರಿಗೆ ಗೊತ್ತಿತ್ತು. ಪಕ್ಕದ ಕಂಪನಿಯವರು ಮಾಡುತ್ತಿದ್ದಾರೆ, ನಾವೂ ಮಾಡೋಣ ಎಂದು ಬರುವ ಪ್ರಪೋಸಲ್‌ಗಳೇ ನಿನ್ನ ರಾಶಿಯಲ್ಲಿ ಹೆಚ್ಚಿರುತ್ತವೆ. ಈಗ ಎಐ ಹೆಸರಿನವು ಇನ್ನೂ ಹೆಚ್ಚು ಬಿಡು. ಅಂದಹಾಗೆ ಆ ಎಳೆಗೆ ದೊಡ್ಡ ಆರ್ಡರ್ ಬಂದದ್ದು 1980ರ ದಶಕದಲ್ಲಿ. ಐದು ವರ್ಷದ ಹಾಳೆಯಲ್ಲಿ ಅದು ಎಲ್ಲಿ ಕಾಣಬೇಕು?

ಹಾಗೆಂದು ಇಡೀ ಬಜೆಟ್ಟನ್ನು ದೂರದ ಆಸೆಗೆ ಸುರಿಯಬೇಡ. ಸಂಬಳ ಬರುವುದು ಇಂದಿನ ಗಿರಾಕಿಯಿಂದ. ಹೊಸದಕ್ಕೆ ಮಾತ್ರ ಪ್ರತ್ಯೇಕ ಪಾಲು ತೆಗೆದಿಡಿಸು, ಇಲ್ಲವಾದರೆ ಸೇಲ್ಸ್‌ನವರ ತುರ್ತು ಬೇಡಿಕೆಗಳು ಮಾರ್ಚ್ ಒಳಗೆ ಅದನ್ನೆಲ್ಲ ನುಂಗಿಬಿಡುತ್ತವೆ. ಎಂ.ಡಿ.ಯವರ ಮುದ್ದಿನ ಪ್ರಾಜೆಕ್ಟ್ ಒಂದು ಇದ್ದೇ ಇರುತ್ತದೆ. ಅದಕ್ಕೂ ಅದೇ ಪ್ರಶ್ನೆ ಕೇಳು, ಮುಖ ನೋಡಿ ಬಿಡಬೇಡ. 'ಇನ್ನಾರು ತಿಂಗಳು ಕೊಡಿ' ಅಂತ ಎರಡನೇ ಸಲ ಬಂದವರಿಗೆ, ಈ ಆರು ತಿಂಗಳಲ್ಲಿ ಹೊಸದಾಗಿ ಏನು ತಿಳಿಯಿತು ಅಂತ ಕೇಳು. ಉತ್ತರ ತಡವರಿಸಿದರೆ ಅಲ್ಲಿಗೆ ನಿಲ್ಲಿಸು. ಆ ತಂಡದ ಹುಡುಗರ ಇನ್‌ಕ್ರಿಮೆಂಟಿಗೆ ಮಾತ್ರ ಕತ್ತರಿ ಬೀಳದಂತೆ ನೋಡಿಕೋ. ಬಿದ್ದರೆ ಮುಂದಿನ ವರ್ಷ ಯಾರೂ ನಿನಗೆ ಕೆಟ್ಟ ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ಹೇಳುವುದಿಲ್ಲ.

ನಿಲ್ಲಿಸಿದ್ದನ್ನು ಎಸೆಯಬೇಡ. ಇದೇ ಕಾರ್ನಿಂಗ್ 1960ರ ದಶಕದಲ್ಲಿ ಕೆಮ್‌ಕಾರ್ ಎಂಬ ಗಟ್ಟಿ ಗಾಜು ಮಾಡಿ, ಗಿರಾಕಿ ಸಿಗದೆ 1971ರಲ್ಲಿ ಮುಚ್ಚಿತು. ಐಫೋನಿಗೆ ಸುಲಭವಾಗಿ ಗೀರು ಬೀಳದ ಗಾಜು ಬೇಕೆಂದು 2007ರಲ್ಲಿ ಆ್ಯಪಲ್ ಕೇಳಿದಾಗ ಗೊರಿಲ್ಲಾ ಗ್ಲಾಸ್ ಎದ್ದದ್ದು ಆ ಹಳೆಯ ಕೆಲಸದ ತಳಪಾಯದ ಮೇಲೆ. ಮುಚ್ಚಿದವುಗಳಲ್ಲಿ ಬಹುಪಾಲು ಹೀಗೆ ಏಳುವುದಿಲ್ಲ, ನಿಜ. ಆದರೂ ಏನು ಮಾಡಿದೆವು, ಎಲ್ಲಿ ಸಿಕ್ಕಿಕೊಂಡೆವು ಎಂದು ಮುಚ್ಚುವ ವಾರವೇ ಬರೆಸಿಡು. ತಿಂಗಳು ಕಳೆದರೆ ಗೊತ್ತಿದ್ದವರು ಬೇರೆ ಕಂಪನಿಯಲ್ಲಿರುತ್ತಾರೆ. ನಿಮ್ಮಲ್ಲಿ ಅಂಥ ಹಳೆಯ ಫೈಲುಗಳು ಯಾರ ಬೀರುವಿನಲ್ಲಿವೆ ಎಂದು ಮೊದಲ ಮೀಟಿಂಗಿಗೆ ಮುಂಚೆ ವಿಚಾರಿಸು. ಈ ಸಲದ ಪ್ರಪೋಸಲ್‌ಗಳಲ್ಲಿ ಒಂದೆರಡು ಅಲ್ಲಿ ಬೇರೆ ಹೆಸರಿನಲ್ಲಿ ಸಿಕ್ಕರೆ ನನಗೇನೂ ಆಶ್ಚರ್ಯವಿಲ್ಲ.

ನಿನ್ನ ದೊಡ್ಡಪ್ಪ