ಆಟದೊಳಗಿನ ಪಾಠ: ಕೋಟದಿಂದ ಅಂಗನವಾಡಿಯವರೆಗೆ

ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ಪರೀಕ್ಷೆಗೆ ಓದುವವರು ಅವರನ್ನು 1977ರ ಜ್ಞಾನಪೀಠದೊಂದಿಗೆ ಮಾತ್ರ ನೆನಪಿಟ್ಟುಕೊಂಡರೆ ಸಾಲದು.

ಆಟದಲ್ಲೇ ಪಾಠವಿರುವುದನ್ನು ಆ ಕರಾವಳಿಯ ಮನೆಗಳಲ್ಲೂ ಕಾಣಬಹುದಿತ್ತು. ಕುಂದಾಪುರ, ಬೈಂದೂರು ಕಡೆಯ ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಚೆನ್ನೆಮಣೆ ಎಂಬ ಗುಳಿಗಳ ಆಟದ ಮಣೆ ಹೊರಬರುತ್ತಿತ್ತು. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಒಟ್ಟು 56 ಕಾಳು. ಒಂದು ಗುಳಿಯ ಕಾಳನ್ನು ಕೈಗೆತ್ತಿ ಮುಂದಿನವುಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವ ಮಗು ಎಣಿಸುತ್ತದೆ, ಎಲ್ಲಿ ಮುಗಿದೀತೆಂದು ಊಹಿಸುತ್ತದೆ, ತನ್ನ ಸರದಿಗೆ ಕಾಯುತ್ತದೆ. ಬೆರಳಿಗೆ ಹಿಡಿತ ಬರುತ್ತದೆ. ಆಟದ ಮೂಲಕ ಕಲಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. ವಿವರಣಾತ್ಮಕ ಉತ್ತರದಲ್ಲಿ ಇದನ್ನೇ ಬರೆಯಿರಿ. ತೀರಾ ಚಿಕ್ಕವರು ಕಾಳು ಬಾಯಿಗೆ ಹಾಕದಂತೆ ದೊಡ್ಡವರು ಪಕ್ಕದಲ್ಲಿರಬೇಕು, ಅಷ್ಟೆ.

ಚಿಕ್ಕ ಮಕ್ಕಳ ಶಿಕ್ಷಣಕ್ಕೆ ದಾರಿ ತೋರಿದ ಇತರರನ್ನೂ ನೆನಪಿಡಿ. ಜರ್ಮನಿಯ ಫ್ರೊಬೆಲ್ ಕಿಂಡರ್‌ಗಾರ್ಟನ್ನಿನ ಜನಕ. ಮಾಂಟೆಸ್ಸೊರಿ ರೋಮ್‌ನಲ್ಲಿ ಮಕ್ಕಳ ಮನೆ ತೆರೆದದ್ದು 1907ರಲ್ಲಿ. ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು.

ಇನ್ನು ಸರ್ಕಾರದ ಯೋಜನೆ, ನೀತಿಗಳು. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ರಾಷ್ಟ್ರೀಯ ಶಿಕ್ಷಣ ನೀತಿ 2020ರ 5+3+3+4 ರಚನೆಯಲ್ಲಿ ಮೊದಲ ಐದು ವರ್ಷವೇ ಬುನಾದಿ ಹಂತ: ವಯಸ್ಸು 3ರಿಂದ 8. ಈ ಹಂತದ ಪಠ್ಯಕ್ರಮ ಚೌಕಟ್ಟು 2022ರಲ್ಲಿ, ಆಟಿಕೆ, ಒಗಟು, ಗೊಂಬೆಗಳ ‘ಜಾದೂಯಿ ಪಿಟಾರಾ’ ಪೆಟ್ಟಿಗೆ 2023ರಲ್ಲಿ ಬಂದವು. ನಲಿ-ಕಲಿಯನ್ನು ಇವುಗಳೊಂದಿಗೆ ಬೆರೆಸಬೇಡಿ. ಅದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಪ್ರಾಥಮಿಕ ತರಗತಿಗಳ ಪದ್ಧತಿ.